ಮುನಿ, ಆ ಹಾಡು ಮತ್ತು ನನ್ನ ಹೊಟ್ಟೆಕಿಚ್ಚು

ಸುಳ್ಳಿರಬೇಕು ಅಂದುಕೊಂಡೆ...
ಬೆಳಿಗ್ಗೆ ಫ್ಯಾಕ್ಟರಿ ಗೇಟಿನ ಹತ್ತಿರ ಗಾಡಿ ನಿಲ್ಲಿಸುವಾಗ ಫೋನ್ ಬಂತು.
"ಮುನಿ ಹೋಗ್ಬಿಟ್ಟ ಕಣೋ ಸೂರಿ."
ಎಲ್ಲಿಗೆ ಅಂತ ಕೇಳಿದೆ.
ಯಾವಾಗಲೂ ಎಲ್ಲಿಗಾದರೂ ಹೋಗುತ್ತಲೇ ಇದ್ದವನು... ಗೋವಾ, ಚೆನ್ನೈ, ಶಿಲ್ಲಾಂಗ್.
ನಾನು ಮಾಲೂರಿನಲ್ಲೇ ಇದ್ದೆ.

ಫ್ರೆಂಡ್ಸ್, ನಿಮಗೆಲ್ಲ ಅವನು ರಾಕ್ ಸಿಂಗರ್ ಮುನಿ.
ಕನ್ನಡ, ತೆಲುಗು ಎರಡನ್ನೂ ಕಲಸಿ ಹಾಡು ಬರೆದು, ಸಿನಿಮಾದವರ ಹಂಗಿಲ್ಲದೆ ಮೂರು ಆಲ್ಬಮ್ ಮಾಡಿದವನು.
ನನಗೆ ಅವನು ಹುತ್ತೂರಿನ ಹತ್ತಿರ ರೇಷ್ಮೆ ಬೆಳೆಯುವವರ ಮನೆಯ ಮುನಿರಾಜು.
ಕೋಲಾರದ ಕಾಲೇಜಿನಲ್ಲಿ ಒಂದೇ ಬೆಂಚಿನವರು ನಾವು.
ಉಸಿರಿನ ತೊಂದರೆ ಜಾಸ್ತಿಯಾಯಿತಂತೆ. ಮೂವತ್ತೊಂಬತ್ತು ವರ್ಷ ಅಷ್ಟೇ...

ಸತ್ತವರ ಬಗ್ಗೆ ಒಳ್ಳೆಯ ಮಾತು ಮಾತ್ರ ಬರೆಯಬೇಕು, ಗೊತ್ತು.
ಆದರೆ ಅವನನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.
ಒಂದೆರಡು ದಿನವಲ್ಲ, ಇಪ್ಪತ್ತು ವರ್ಷ.
ಇವತ್ತೂ ಉರಿಯುತ್ತಿದೆ... ಎಲ್ಲರ ಸ್ಟೇಟಸ್‌ನಲ್ಲೂ ಅವನದೇ ಫೋಟೋ.

ನಮ್ಮ ಬ್ಯಾಂಡಿನಲ್ಲಿ ಗಿಟಾರ್ ಚೆನ್ನಾಗಿ ನುಡಿಸುತ್ತಿದ್ದವನು ನಾನು.
ಅವನಿಗೆ ಬರುತ್ತಿದ್ದದ್ದು ಮೂರೇ ಕಾರ್ಡ್. ಅದೂ ನಾನು ಕಲಿಸಿದ್ದು.
ಬ್ಯಾಂಡಿಗೆ 'ನಾಲ್ಕನೇ ಜ್ವರ' ಅಂತ ಹೆಸರಿಟ್ಟವನೂ ನಾನೇ.
ರೇಷ್ಮೆ ಹುಳು ಸೊಪ್ಪು ಬಿಟ್ಟು ಕೊನೆಯ ಸಲ ನಿದ್ದೆಗೆ ಕೂರುವುದನ್ನು ನಮ್ಮ ಕಡೆ ಹಾಗನ್ನುತ್ತಾರೆ.
ಆಮೇಲೆ ಇಂಟರ್‌ವ್ಯೂಗಳಲ್ಲಿ ಆ ಹೆಸರಿನ ಅರ್ಥವನ್ನು ಎಷ್ಟು ಚೆಂದವಾಗಿ ವಿವರಿಸುತ್ತಿದ್ದ ಅಂದರೆ, ನನಗೇ ಅದು ಅವನದೇ ಅನ್ನಿಸಿಬಿಡುತ್ತಿತ್ತು.

ನಾನೀಗ ಭಾನುವಾರಗಳಲ್ಲಿ ಮದುವೆ ಆರ್ಕೆಸ್ಟ್ರಾಗೆ ನುಡಿಸುತ್ತೇನೆ.
ಒಮ್ಮೆ ಮುಳಬಾಗಿಲಿನ ಛತ್ರದಲ್ಲಿ ಮದುಮಗಳ ತಂಗಿ ಸ್ಟೇಜ್ ಹತ್ತಿರ ಬಂದಳು.
"ಅಂಕಲ್, ಮುನಿದು 'ನಾನೇ ಹಚ್ಚಿದೆ' ಹಾಡ್ತೀರಾ?"
ಬರುವುದಿಲ್ಲ ಅಂದೆ. ಅಪ್ಪಟ ಸುಳ್ಳು.

ಆ ಹಾಡು ನಿಮಗೆಲ್ಲ ಗೊತ್ತು. ಹುಳುಗಳನ್ನು ಕೊಂದವನೊಬ್ಬ ಕ್ಷಮೆ ಕೇಳುವ ಹಾಡು.
"ಗೂಡು ಕಟ್ಟದೆ ಹೋದವರೇ... ನಾನೇ ಹಚ್ಚಿದೆ, ನಾನೇ ಹಚ್ಚಿದೆ..."

ಮುನಿ...
ನಿನ್ನ ಜೊತೆಗೇ ಮಾತಾಡಿಬಿಡುತ್ತೇನೆ.
ನಿಮ್ಮ ಹುಳು ಮನೆಗೆ ಅಂಟಿಕೊಂಡು ಸೊಪ್ಪಿನ ರೂಮಿತ್ತಲ್ಲ... ನಮ್ಮ ಪ್ರಾಕ್ಟೀಸ್ ಅಲ್ಲೇ.
ಹುಳು ಸಾಕುವ ಕಡೆ ಸೆಂಟ್ ಹಾಕಿಕೊಂಡು ಹೋಗಬಾರದು, ಊದುಬತ್ತಿ ಸಹ ಹಚ್ಚಬಾರದು. ಚಿಕ್ಕ ಮಕ್ಕಳಿಗೂ ಗೊತ್ತು.
ನನಗೂ ಗೊತ್ತಿತ್ತು.
ಹುಳು ಗೋಡೆಯ ಆಚೆಗಿವೆ, ಇಲ್ಲಿರುವುದು ಬರೀ ಸೊಪ್ಪು ತಾನೇ ಅಂದುಕೊಂಡು ಆವತ್ತು ಸಂಜೆ ಸೊಳ್ಳೆ ಬತ್ತಿ ಹಚ್ಚಿದೆ.
ಹೊಗೆಯೆಲ್ಲ ಆ ಸೊಪ್ಪಿಗೇ ಹಿಡಿಯಿತು.

ಸ್ವಲ್ಪ ಹೊತ್ತಿಗೆ ನೀನು ಕೆಮ್ಮುತ್ತಾ ಎದ್ದು ಆಚೆ ಹೋದೆ.
ನಾನು ಸೋಲೋ ನುಡಿಸುತ್ತಿದ್ದೆ.
ನನ್ನ ಗಿಟಾರ್ ಕೇಳಲಾರದೆ ಹೋದ, ಇವನಿಗೆ ಹೊಟ್ಟೆಕಿಚ್ಚು ಅಂದುಕೊಂಡೆ...

ಮಾರನೇ ದಿನ ಆ ಸೊಪ್ಪು ತಿಂದ ಹುಳುಗಳು ತಲೆಯೆತ್ತಿ, ಹಸಿರು ಕಕ್ಕಿ ಸತ್ತವು.
ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳುಗಳು.
ನಿಮ್ಮಪ್ಪ ಬತ್ತಿಯ ಬೂದಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದರು.
"ಯಾವನ್ಲಾ ಹಚ್ಚಿದ್ದು?"
ನಾನು ಬಾಯಿ ಬಿಡುವ ಮೊದಲೇ... ಅಲ್ಲ, ನಾನು ಬಾಯಿ ಬಿಡುತ್ತಲೇ ಇರಲಿಲ್ಲ.
"ನಾನೇ" ಅಂದುಬಿಟ್ಟೆ ನೀನು.

ಅವರು ನಿನ್ನನ್ನು ಮನೆಯಿಂದ ಆಚೆ ಹಾಕಿದರು. ಬಸ್ಸು ಹತ್ತಿಸಲು ಬಂದವನು ನಾನು.
"ಲೇ, ಯಾಕ್ಲಾ ಹಂಗಂದೆ?"
"ನೀನಾದ್ರೆ ಹೊರಗಿನೋನು, ಚರ್ಮ ಸುಲೀತಿದ್ರು ಕಣೋ. ನಾನು ಮಗ. ಎರಡು ತಿಂಗ್ಳು ಬಿಟ್ಟು ಅವರೇ ಕರೀತಾರೆ ಬಿಡು."
ಕರೆಯಲು ಅವರಿಗೆ ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿ ನೀನು ಆ ಹಾಡು ಬರೆದಿದ್ದೆ.

ತಪ್ಪು ನನ್ನದು, ಹಾಡು ನಿನ್ನದು.
ಮಾಡಿದವನು ನಾನಿಲ್ಲಿ ಕಲ್ಲಿನ ಹಾಗೆ ಕೂತಿದ್ದೆ, ಮಾಡದವನು ನೀನು ಹಾಡಿ ಜನರನ್ನು ಅಳಿಸುತ್ತಿದ್ದೆ.
ನನ್ನ ಪಾಪವನ್ನೂ ನನಗಿಂತ ಚೆನ್ನಾಗಿ ಹಾಡಿದೆಯಲ್ಲೋ... ಎಷ್ಟು ಉರಿಯಿತು ಗೊತ್ತಾ?
ಅದಕ್ಕೇ ನಿನ್ನ ಒಂದು ಶೋಗೂ ಬರಲಿಲ್ಲ.
ನೀನು ಪಾಸ್ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಇವತ್ತು ಶಿಫ್ಟ್ ಬಿಟ್ಟು ನಿಮ್ಮೂರಿಗೆ ಬಂದೆ.
ಭಜನೆಯವರು ಹಾರ್ಮೋನಿಯಂ ಇಟ್ಟುಕೊಂಡು ಕೂತಿದ್ದರು. ನಿನ್ನನ್ನು ಅಂಗಳದಲ್ಲಿ ಮಲಗಿಸಿದ್ದರು.
ನಿಮ್ಮಮ್ಮನ ಪಕ್ಕ ಕೂತು ಹೇಳಿಬಿಟ್ಟೆ.
"ಅಮ್ಮಾ, ಆವತ್ತು ಬತ್ತಿ ಹಚ್ಚಿದ್ದು ನಾನು."
ಅವರು ನನ್ನ ಮುಖ ನೋಡಲಿಲ್ಲ. ನಿನ್ನ ಕಾಲ ಹತ್ತಿರ ಜಾರಿದ್ದ ಹೂವನ್ನು ಸರಿಮಾಡುತ್ತಿದ್ದರು.
"ಗೊತ್ತು ನಾಯ್ನಾ. ಅವನಿಗೆ ಚಿಕ್ಕೋನಿಂದ್ಲೂ ಉಬ್ಬಸ. ಆ ಹೊಗೆ ಸೋಕಿದ್ರೆ ಉಸಿರಾಡೋಕೇ ಆಗ್ತಿರ್ಲಿಲ್ಲ. ಅವನ್ಯಾಕೆ ಹಚ್ತಾನೆ?"
"ಮತ್ತೆ ಯಾರಿಗೂ ಯಾಕಮ್ಮಾ ಹೇಳ್ಲಿಲ್ಲ?"
"ಸೂರಿನೇ ಬಂದು ಹೇಳ್ತಾನೆ, ಅಲ್ಲೀವರ್ಗೂ ನೀನು ಸುಮ್ನಿರಮ್ಮಾ ಅಂದಿದ್ದ. ಇವತ್ತು ಬಂದೆ."

ಇಷ್ಟು ಹೇಳಿ ಎದ್ದು ಒಳಗೆ ಹೋದರು.

ಅದಕ್ಕೇ ಇಲ್ಲೇ ನಿಮ್ಮ ಜಗಲಿಯ ಮೇಲೆ ಕೂತು ಬರೆಯುತ್ತಿದ್ದೇನೆ.
ಫ್ರೆಂಡ್ಸ್, ಆ ಬತ್ತಿ ಹಚ್ಚಿದ್ದು ಮುನಿ ಅಲ್ಲ. ನಾನು.
ಇದನ್ನು ಪಶ್ಚಾತ್ತಾಪದಿಂದ ಬರೆಯುತ್ತಿದ್ದೇನೋ, ಆ ಹಾಡಿನಲ್ಲಿ ನನಗೂ ಒಂದು ಪಾಲು ಬೇಕು ಅಂತ ಬರೆಯುತ್ತಿದ್ದೇನೋ... ಎರಡೂ ಇರಬೇಕು.

ಒಂದು ಮಾತ್ರ ಇವತ್ತೇ ಗೊತ್ತಾಗಿದ್ದು.
ಆವತ್ತು ನೀನು ಎದ್ದು ಹೋಗಿದ್ದು ನನ್ನ ಗಿಟಾರ್ ಕೇಳಲಾರದೆ ಅಲ್ಲ.
ಉಸಿರು ಕಟ್ಟಿತ್ತು ನಿನಗೆ.
ಬತ್ತಿ ಆರಿಸೋ ಅಂತ ಒಂದು ಮಾತು ಹೇಳಬಾರದಿತ್ತಾ ಮುನಿ... ನನ್ನ ಸೋಲೋ ಮಧ್ಯೆ ನಿಲ್ಲಬಾರದು ಅಂತ ಸುಮ್ಮನೆ ಎದ್ದು ಹೋದೆಯಾ?

ಹೋಗಿ ಬಾರೋ.
ಹೊಗೆ ಇಲ್ಲದ ಜಾಗದಲ್ಲಿ, ಎದೆ ತುಂಬ ಉಸಿರು ಎಳೆದುಕೊಂಡು, ನಿನ್ನ ಜೀವ ತಣ್ಣಗಿರಲಿ...