ಮುಕ್ಕಳಿಸಿ ಅಕ್ಕನ ಎರಡು ಬಾಟಲಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಲ್ಲಿನ ಆಸ್ಪತ್ರೆಯ ಒಳಕೋಣೆಯಲ್ಲಿ ಹೆಂಗಸೊಬ್ಬರು ಪುಟ್ಟ ಲೋಟಗಳನ್ನು ಜೋಡಿಸುತ್ತಿದ್ದಾರೆ. ಎದುರಿಗೆ ಎರಡು ಕಂದು ಬಾಟಲಿ. ಒಂದರಲ್ಲಿ ಬಾಯಿ ತೊಳೆಯುವ ಕ್ರಿಮಿನಾಶಕ ಔಷಧಿ, ಇನ್ನೊಂದರಲ್ಲಿ ಗಿಡಮೂಲಿಕೆಯ ಕಷಾಯ. ಮುಚ್ಚಳ ಒಂದಕ್ಕೆ ಬಿಳಿ, ಇನ್ನೊಂದಕ್ಕೆ ನೀಲಿ. ಯಾವುದರಲ್ಲಿ ಯಾವುದಿದೆ ಎಂದು ಅವರಿಗೂ ಗೊತ್ತಿಲ್ಲ, ರೋಗಿಗಳಿಗೂ ಗೊತ್ತಿಲ್ಲ. ದಿನಕ್ಕೆ ಇಪ್ಪತ್ತು ಮೂವತ್ತು ಜನಕ್ಕೆ "ಮುಕ್ಕಳಿಸಿ, ನುಂಗ್ಬೇಡಿ" ಎಂದು ಹೇಳಿ ಹೇಳಿ ಇವರ ಹೆಸರೇ ಮುಕ್ಕಳಿಸಿ ಅಕ್ಕ ಎಂದಾಗಿದೆ.

ಹಲ್ಲು ಶುಚಿ ಮಾಡುವ ಯಂತ್ರ ಶುರುವಾದರೆ ಬಾಯಿಯ ನೀರು ತುಂತುರಾಗಿ ಚಿಮ್ಮುತ್ತದೆ. ಎಂಜಲು ಹೀರುವ ಕೊಳವೆ ಹಿಡಿದು ನಿಲ್ಲುವ ಅಕ್ಕನ ಮುಖಕ್ಕೇ ಅದರ ಮೊದಲ ಪಾಲು. ಹೋದ ವರ್ಷ ಕೆಮ್ಮು ಹತ್ತಿ ಹಾಸಿಗೆ ಹಿಡಿದಿದ್ದರು. ಮೊದಲೇ ಬಾಯಿ ತೊಳೆಸಿದರೆ ಗಾಳಿಗೆ ಹಾರುವ ಕ್ರಿಮಿ ಎಷ್ಟು ತಗ್ಗುತ್ತದೆ, ಎರಡರಲ್ಲಿ ಯಾವುದು ವಾಸಿ ಎಂದು ಆಸ್ಪತ್ರೆಯ ಡಾಕ್ಟರಮ್ಮ ಈಗ ಹೋಲಿಸಿ ನೋಡುತ್ತಿದ್ದಾರೆ. ಯಾರೂ ಒಂದರ ಕಡೆ ವಾಲಬಾರದು ಎಂದೇ ಯಾವ ಬಾಟಲಿಯಲ್ಲಿ ಏನಿದೆ ಎಂದು ಹೇಳಿಲ್ಲ.

ಇದರ ನಡುವೆ ಅಕ್ಕ ಒಂದು ಎಡವಟ್ಟು ಮಾಡಿಕೊಂಡರು. ನೀಲಿ ಮುಚ್ಚಳದ್ದನ್ನು ಬಾಯಿಗೆ ಹಾಕಿಕೊಂಡವರು ಮುಖ ಕಿವುಚುತ್ತಿದ್ದರು. ಅಕ್ಕನದು ಮಕ್ಕಳಿಗೆ ಕಹಿ ಔಷಧಿ ಕುಡಿಸಿ ಪಳಗಿದ ಕೈ. ಪಾಪ ಎನ್ನಿಸಿ ಅವರಿಗೆಲ್ಲ ಹಿಂದೆಯೇ ನೀರು ಕೊಟ್ಟು ಇನ್ನೊಮ್ಮೆ ಮುಕ್ಕಳಿಸಲು ಹೇಳಿದರು. ಇಡೀ ವಾರ ಹೀಗೇ ನಡೆಯಿತು. ಔಷಧಿ ಬಾಯಲ್ಲಿ ಉಳಿದರೆ ತಾನೇ ಕೆಲಸ ಮಾಡುವುದು ಎಂದು ಡಾಕ್ಟರಮ್ಮ ಯಾರಿಗೋ ಹೇಳುತ್ತಿದ್ದುದು ಕಿವಿಗೆ ಬಿದ್ದಾಗ, ನೀರು ಕೊಟ್ಟು ಅದನ್ನು ತೊಳೆದುಹಾಕಿದ್ದು ತಾನೇ ಎಂದು ಅಕ್ಕನಿಗೆ ಹೊಳೆಯಿತು.

"ಸುಮ್ನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಎನ್ನುತ್ತಾರೆ ಅಕ್ಕ. "ಆದ್ರೆ ನನ್ನಿಂದ ನೀಲಿ ಸೋತ್ಹೋಗುತ್ತೆ. ಆಮೇಲೆ ಬಿಳಿನೇ ವಾಸಿ ಅಂತ ಎಲ್ಲರಿಗೂ ಅದನ್ನೇ ಕೊಡ್ತಾರೆ. ಅದು ಸರಿಯಾಗಿ ಕೆಲಸ ಮಾಡ್ದಿದ್ರೆ ಕ್ರಿಮಿ ಚಿಮ್ಮೋದು ನನ್ ಮುಖಕ್ಕೆ ತಾನೆ?"

ಮರುದಿನ ಬೆಳಗ್ಗೆ ಹೋಗಿ ಒಪ್ಪಿಕೊಂಡರು. ಕೆಲಸ ಹೋಯಿತು ಎಂದೇ ತಿಳಿದು ಊಟದ ಡಬ್ಬಿಯನ್ನೂ ತಂದಿರಲಿಲ್ಲವಂತೆ. ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತು ಕೂತರು. ಆಮೇಲೆ ಹೇಳಿದರು: "ಈ ವಾರದ್ದನ್ನ ಬಿಟ್ಬಿಡೋಣ ಅಕ್ಕ. ಬೇರೆ ರೋಗಿಗಳನ್ನ ಕರೆದು ಮತ್ತೆ ಮಾಡೋಣ. ಈಗ್ಲೇ ಹೇಳಿದ್ರಲ್ಲ, ಎಲ್ಲ ಮುಗಿದ ಮೇಲೆ ಗೊತ್ತಾಗಿದ್ರೆ ಏನ್ ಮಾಡ್ಬೇಕಿತ್ತು?"

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಮಧ್ಯಾಹ್ನ ಡಾಕ್ಟರಮ್ಮನ ಡಬ್ಬಿಯಲ್ಲೇ ಪಾಲು ತೆಗೆದುಕೊಂಡು ಹೊಟ್ಟೆತುಂಬ ಉಂಡರು.

ಈಗ ಯಾರು ಮುಖ ಕಿವುಚಿದರೂ ನೀರು ಕೊಡುವುದಿಲ್ಲ. "ಸ್ವಲ್ಪ ತಡ್ಕೊಳ್ಳಿ, ಹೋಗುತ್ತೆ" ಎಂದು ಬೆನ್ನು ಸವರುತ್ತಾರೆ. ಯಾವುದು ಗೆಲ್ಲಬೇಕು ಎಂದು ಕೇಳಿದರೆ ಲೋಟ ತುಂಬುವುದನ್ನು ನಿಲ್ಲಿಸದೆ ಹೇಳುತ್ತಾರೆ: "ಯಾವ್ದಾದ್ರೂ ಗೆಲ್ಲಲಿ, ನ್ಯಾಯವಾಗಿ ಗೆಲ್ಲಲಿ. ನಾಳೆ ನನ್ ಜಾಗದಲ್ಲಿ ನಿಲ್ಲೋಳಿಗೆ ಕೆಮ್ಮು ಬರ್ದಿದ್ರೆ ಸಾಕು."