ದೊಡ್ಡವ್ವನ ಉಲ್ಲನ್ ರಾಜರು

ಎದುರು ಮನೆಯ ದೊಡ್ಡವ್ವನ ಎಡಗೈ ತೋರುಬೆರಳಿನ ಮೇಲೆ ನೂಲು ಹರಿದು ಹರಿದು ಒಂದು ಗೀರು ಬಿದ್ದಿತ್ತು. ಮುದ್ದೆ ಕಟ್ಟುವಾಗ ಅದರಲ್ಲಿ ರಾಗಿಹಿಟ್ಟು ಮೆತ್ತಿಕೊಂಡರೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ.

ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ ನರ್ಸಮ್ಮ ಒಬ್ಬರು ಅವಳಿಗೆ ಕೊಕ್ಕೆ ತುದಿಯ ಕ್ರೋಶಾ ಕಡ್ಡಿ ಕೊಟ್ಟು, ಮೇಜಿನ ಬಟ್ಟೆ ಹೆಣೆಯುವುದನ್ನು ಹೇಳಿಕೊಟ್ಟರಂತೆ. "ನಮ್ಮನೇಲಿ ಮೇಜೇ ಇಲ್ವಲ್ಲ, ಇದುನ್ನ ಯಾತರ ಮ್ಯಾಲೆ ಆಸ್ಲಿ?" ಎಂದು, ನಮ್ಮೂರು ಹೊಳೆನರಸೀಪುರಕ್ಕೆ ವಾಪಸು ಬಂದವಳೇ ಬೊಂಬೆಗೆ ಕೈ ಹಾಕಿದಳು. ಹಳೆಯ ಕಾವ್ಯಗಳ ರಾಜ, ರಾಣಿ, ರಾಕ್ಷಸರೆಲ್ಲ ಗೇಣುದ್ದದವರಾಗಿ, ಹೊಟ್ಟೆಗೆ ಬೂರುಗದ ಹತ್ತಿ ತುಂಬಿಸಿಕೊಂಡು ಅವಳ ಕಿಟಕಿಯಲ್ಲಿ ಕೂತರು. ಯುದ್ಧದ ಕಾಲ, ಉಲ್ಲನ್ ಸಿಗದೆ ಹಳೆ ಸ್ವೆಟರ್ ಬಿಚ್ಚಿ ಹೆಣೆಯುತ್ತಿದ್ದಳು. ಹಾಗಾಗಿ ಒಬ್ಬ ಚಕ್ರವರ್ತಿಗೆ ಹಸಿರು ಮೀಸೆ ಬಂತು. ನಾನು ನಕ್ಕರೆ, "ರಾಜ ಕಣೆ, ಅವನಿಷ್ಟ!" ಅಂದಳು.

ನನಗೆ ಆಗ ಹನ್ನೊಂದು. ಮಾತು ಉಗ್ಗು. ಓದಲು ಎದ್ದರೆ ಮೊದಲ ಅಕ್ಷರದಲ್ಲೇ ಗಾಡಿ ಹೂತುಹೋಗುತ್ತಿತ್ತು. ಇನ್ಸ್‌ಪೆಕ್ಟರ ಮುಂದೆ ಗಟ್ಟಿಯಾಗಿ ಓದದಿದ್ದರೆ ಸ್ಕೂಲು ಬಿಡಿಸುವುದೇ ಸೈ ಎಂದು ಅಪ್ಪ ಹೇಳಿಬಿಟ್ಟರು. ಅಳುತ್ತಾ ಹೋಗಿ ದೊಡ್ಡವ್ವನ ಜಗಲಿಯ ಮೇಲೆ ಕೂತೆ.

"ಅತ್ಕಂಡ್ ಕೂತ್ರೆ ನನ್ ಬೊಂಬೆ ಆಗ್ತದಾ? ನಂಗೆ ಅಕ್ಸರ ಬರಕ್ಕಿಲ್ಲ. ಈ ರಾಕ್ಸಸ ಎಂಗವ್ನೆ ಅಂತ ನಮ್ಮಪ್ಪನ ಪುಸ್ತಕ ನೋಡಿ ಏಳು. ಮೆತ್ತಗೆ ಓದು ಕಣವ್ವ, ನನ್ ಕಡ್ಡಿ ಓಡಕ್ಕಿಲ್ಲ."

ಕಡ್ಡಿ ಒಂದು ಕುಣಿಕೆ ಎಳೆದರೆ ನನ್ನದು ಒಂದು ಪದ. ನಾನು ತಡವರಿಸಿದರೆ ಕಡ್ಡಿಯೂ ನಿಲ್ಲುತ್ತಿತ್ತು. ಅವಳು ತಲೆ ಎತ್ತುತ್ತಿರಲಿಲ್ಲ, ಮುಂದಿನ ಪದ ಎತ್ತಿಕೊಡುತ್ತಲೂ ಇರಲಿಲ್ಲ. ದಿನಾ ಸಂಜೆ ಹೀಗೇ ನಡೆದು, ರಾಕ್ಷಸನಿಗೆ ಹೊಟ್ಟೆ ಬರುವಷ್ಟರಲ್ಲಿ ನನಗೆ ಒಂದು ಪುಟ ಓದಲು ಬಂತು.

ಇನ್ಸ್‌ಪೆಕ್ಟರು ಬಂದ ದಿನ ದೊಡ್ಡವ್ವ ಕಾಲಿಲ್ಲದ ರಾಕ್ಷಸನನ್ನು ಮಡಿಲಲ್ಲಿಟ್ಟುಕೊಂಡು ತರಗತಿಯ ಬಾಗಿಲಲ್ಲೇ ಕೂತುಬಿಟ್ಟಳು.

"ಏನಮ್ಮಾ ಇದು?" ಎಂದರು ಇನ್ಸ್‌ಪೆಕ್ಟರು.

"ನಿಮ್ ಕೆಲ್ಸ ನೀವ್ ನೋಡ್ಕಳಿ ಸಾ, ಇವನ್ಗೆ ಕಾಲಾಗ್ಬೇಕು."

ತರಗತಿ ಗೊಳ್ಳೆಂದಿತು. ಆ ನಗುವಿನಲ್ಲೇ ನಾನು ಎದ್ದೆ. ಒಂದು ಕಣ್ಣು ಪುಸ್ತಕದ ಮೇಲೆ, ಒಂದು ಕಣ್ಣು ಅವಳ ಕಡ್ಡಿಯ ಮೇಲೆ. ಪುಟ ಮುಗಿಯಿತು, ಸ್ಕೂಲು ಉಳಿಯಿತು! ಅಪ್ಪ ಅಂದೇ ಹೋಗಿ ಬಿಚ್ಚಿಕೊಳ್ಳಲು ತಮ್ಮ ಸ್ವೆಟರನ್ನೇ ಅವಳಿಗೆ ಕೊಟ್ಟರು.

ನಾನು ಅರಕಲಗೂಡಿನಲ್ಲಿ ಸ್ಕೂಲ್ ಮೇಡಮ್ಮಾದ ವರ್ಷ ದೊಡ್ಡವ್ವ ಹಾಸಿಗೆ ಹಿಡಿದಳು. ನೋಡಲು ಹೋದವಳು ಆಗ ಜಗಲಿಯ ಮೇಲೆ ಓದುತ್ತಿದ್ದ, ಅವಳಿಗಿಷ್ಟವಾದ ಕಾವ್ಯವನ್ನೇ ಓದಿದೆ. ನಾವಿಬ್ಬರೂ ಜೊತೆಗೆ ಕೂತ ಕೊನೆಯ ಸಂಜೆ ಅದು. ಈಗ ನನ್ನ ಓದು ಓಡುತ್ತಿತ್ತು. ಕಣ್ಣು ಮುಚ್ಚಿ ಮಲಗಿದ್ದವಳು ನಡುವೆ ಕೈ ಎತ್ತಿದಳು.

"ಒಂದ್ ಸಾಲ್ ಬುಟ್ಬುಟ್ಟೆ ಕಣೆ."

ಬಿಟ್ಟ ಸಾಲನ್ನು ತಾನೇ ಹೇಳಿದಳು. ಮುಂದಿನ ಎರಡು ಪದ್ಯಗಳನ್ನೂ ಹೇಳಿದಳು, ಒಂದಕ್ಷರ ತಪ್ಪಲಿಲ್ಲ.

"ದೊಡ್ಡವ್ವ! ನಿಂಗೆ ಇದೆಲ್ಲ ಬತ್ತಿತ್ತಾ?"

"ನಮ್ಮಪ್ಪ ದಿನಾ ಓದೋನು. ಚಿಕ್ ಉಡ್ಗೀಲೇ ಬಾಯ್ಗೆ ಬಂದಿತ್ತು."

"ಮತ್ತೆ ಆವಾಗ ನನ್ ಕೈಲಿ ಓದ್ಸಿದ್ದು..."

"ಸುಮ್ಕೆ ಮುಂದಕ್ಕೆ ಓದು."

ಪುಸ್ತಕ ಎತ್ತಿಕೊಂಡೆ. ಎಷ್ಟೋ ವರ್ಷದ ಮೇಲೆ ಮೊದಲ ಅಕ್ಷರದಲ್ಲೇ ಉಗ್ಗಿದೆ. ದೊಡ್ಡವ್ವ ನಗುತ್ತಾ ಕಾದಳು.