ಕೇಳದೆ ಬಿಟ್ಟ ನಾಲ್ಕು ಸಲ

ನನ್ನ ಗಂಡ ಆಹ್ತಿ ಮೂವತ್ತೊಂದು ವರ್ಷದಿಂದ ಈ ಸರೋವರದಲ್ಲಿ ಕಾರು, ಜನರನ್ನು ದಾಟಿಸುವ ಲಾಂಚು ನಡೆಸುತ್ತಿದ್ದಾನೆ. ಅಷ್ಟು ವರ್ಷ ಪ್ರಯಾಣಿಕರ ಜೊತೆ ಅವನು ಆಡಿದ ಮಾತನ್ನೆಲ್ಲ ಕೂಡಿಸಿದರೂ ನಾನು ಒಂದು ಲೋಟ ಕಾಫಿ ಮುಗಿಸುವಷ್ಟರಲ್ಲಿ ಆಡುವಷ್ಟಾಗದು. ಫಿನ್ಲೆಂಡಿನಲ್ಲೇ ಬಾಯಾಳಿಗಳೆಂದು ಹೆಸರಾದ ಕರೇಲಿಯಾದವಳು ನಾನು. ಇವನ ಊರಲ್ಲಿ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿದರೆ ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಮುಗಿಯಿತು. ಸುಮ್ಮನಿರುವವನನ್ನು ಸುಮ್ಮನೆ ಬಿಡುವುದೇ ಇವರ ಮರ್ಯಾದೆ. ಮದುವೆಯಾದ ಹೊಸದರಲ್ಲಿ ಆ ಮೌನಕ್ಕೆ ನನಗೆ ಉಸಿರು ಕಟ್ಟುತ್ತಿತ್ತು. ಎಲ್ಲರಿಗೂ ನನ್ನ ಮೇಲೆ ಸಿಟ್ಟಿರಬೇಕು ಅನ್ನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅದೇ ತಪ್ಪಾಯಿತೇನೋ.

ಹೋದ ನವೆಂಬರಿನಲ್ಲಿ ಒಂದು ದಿನ ಆಹ್ತಿ ಮಧ್ಯಾಹ್ನ ಮನೆಗೆ ಬಂದು ಬಟಾಣಿ ಸಾರು ಕುಡಿಯುತ್ತಾ, ಪಕ್ಕದ ಮನೆಯ ರೇಯ್ನೊ ಬೆಳಗ್ಗೆಯಿಂದ ನಾಲ್ಕು ಸಲ ದಾಟಿದ ಎಂದ. ಕಾರಿಲ್ಲದೆ ನಡೆದು ಬಂದಿದ್ದನಂತೆ. ಕಂಬಿ ಹಿಡಿದು ನೀರು ನೋಡುತ್ತ ನಿಲ್ಲುತ್ತಾನೆ, ಯಾವ ದಡದಲ್ಲೂ ಇಳಿಯುವುದಿಲ್ಲವಂತೆ. ರೇಯ್ನೊನ ಹೆಂಡತಿ ತೀರಿಕೊಂಡು ಐದು ತಿಂಗಳಾಗಿತ್ತು. ನಾನು ಚಮಚ ಕೆಳಗಿಟ್ಟೆ.

“ಏನಾಯ್ತು ಅಂತ ಕೇಳಿದ್ಯಾ?”

“ಅವನ ಪಾಡಿಗೆ ಅವನಿದಾನೆ. ನಾನ್ಯಾಕೆ ಮೂಗು ತೂರಿಸ್ಲಿ?”

“ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಬೀಳ,” ಎಂದು ಬೈದು, ಕೋಟು ಹಾಕಿಕೊಂಡು ಅವನ ಜೊತೆಗೇ ಹೊರಟೆ.

ರೇಯ್ನೊ ಲಾಂಚಿನ ಮೇಲೇ ಇದ್ದ. ಕಾರು ಒಂದೂ ಬರಲಿಲ್ಲ. ಆಹ್ತಿ ಕ್ಯಾಬಿನ್ನಿಗೆ ಹತ್ತಿ ಲಾಂಚು ಬಿಟ್ಟ. ನಾನು ಎರಡು ಮಾರು ದೂರದಲ್ಲಿ ನಿಂತೆ. ಊರಿಗೆಲ್ಲ ವಾಚಾಳಿಯಾದ ನನಗೆ ಅಂದು ನಾಲಿಗೆ ಏಳಲಿಲ್ಲ. ದಡದಂಚಿನಲ್ಲಿ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು, ಒಳಗಿನ ನೀರು ಕಪ್ಪಗಿತ್ತು. ರೇಯ್ನೊ ಟೋಪಿ ತೆಗೆದು ಬೆಂಚಿನ ಮೇಲಿಟ್ಟ. ಆಮೇಲೆ ಕೈಗವಸುಗಳನ್ನು ಕಳಚಿ, ಜೋಡಿ ಮಾಡಿ, ಅದರ ಪಕ್ಕದಲ್ಲಿಟ್ಟ.

ಅಷ್ಟರಲ್ಲಿ ಇಂಜಿನ್ನು ನಿಂತಿತು. ನಡುನೀರಿನಲ್ಲಿ ಆಹ್ತಿ ಎಂದೂ ಹಾಗೆ ನಿಲ್ಲಿಸಿದವನಲ್ಲ. ಇಳಿದು ಬಂದು ರೇಯ್ನೊನ ಪಕ್ಕದಲ್ಲಿ ನಿಂತ. ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದ.

“ರೇಯ್ನೊ, ಏನಾಯ್ತೋ ಮಾರಾಯ?”

ರೇಯ್ನೊ ನೀರಿನಿಂದ ಕಣ್ಣು ತೆಗೆಯದೆ ಹೇಳಿದ.

“ಯಾರಾದ್ರೂ ಕೇಳ್ತಾರಾ ಅಂತ ನೋಡ್ತಿದ್ದೆ. ಇದು ಐದನೇ ಸಲ. ಆರನೇದು ಬೇಡ ಅಂತ ಬೆಳಗ್ಗೇನೇ ತೀರ್ಮಾನ ಮಾಡಿದ್ದೆ.”

ಆಹ್ತಿ ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೈ ಬಿಟ್ಟು ಇಂಜಿನ್ನಿನ ಹತ್ತಿರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ಲಾಂಚು ನಡೆಸಲು ನನಗೆ ಬರುತ್ತಿರಲಿಲ್ಲ. ಮೂವರೂ ಅಲ್ಲೇ ನಿಂತಿದ್ದೆವು.